ಬಾಡಿಗೆಗೆ ಮೇವು ಕತ್ತರಿಸುವ ಯಂತ್ರ: ಕೊಳ್ಳುವ ಮುನ್ನ ಒಂದು ಲೆಕ್ಕ



ಊರಿನಲ್ಲೇ ಉಳಿದು ಸ್ವಂತ ಉದ್ಯೋಗ ಮಾಡಬೇಕೆನ್ನುವ ಯುವಕರು ಸಂಘದ ಸಭೆಗಳಲ್ಲಿ ಹೆಚ್ಚಾಗಿ ಕೇಳುವ ಪ್ರಶ್ನೆ ಒಂದಿದೆ. "ಸಾರ್, ಒಂದು ಯಂತ್ರ ತಂದು ಊರೂರಿಗೆ ಎಳೆದುಕೊಂಡು ಹೋಗಿ ಬಾಡಿಗೆಗೆ ಓಡಿಸಿದರೆ ಗಿಟ್ಟುತ್ತದೆಯೇ?" ಎಂಬುದೇ ಆ ಪ್ರಶ್ನೆ. ತೋಟದ ಅಂಚಿನಲ್ಲಿ ಸಿಲ್ವರ್ ಓಕ್, ಹೆಬ್ಬೇವು ಬೆಳೆದವರ ಮನೆಯ ಹುಡುಗರು ಮರ ಕೊಯ್ಯುವ ಸಂಚಾರಿ ಗರಗಸದ ಬಗ್ಗೆ ಕೇಳುತ್ತಾರೆ. ಹಸು ಕಟ್ಟಿದವರ ಮನೆಯವರು ಮೇವು ಕತ್ತರಿಸುವ ಯಂತ್ರದ ಬಗ್ಗೆ ಕೇಳುತ್ತಾರೆ.

ಗರಗಸದ ವಿಷಯವನ್ನು ಮೊದಲು ಮುಗಿಸೋಣ. ದುಂಡು ಮರ ಸೀಳುವ ಯಂತ್ರವಿಟ್ಟು ವ್ಯಾಪಾರ ಮಾಡಲು ಅರಣ್ಯ ಇಲಾಖೆಯ ಪರವಾನಗಿ ಬೇಕು. 1996ರಿಂದ ಈಚೆಗೆ ಸುಪ್ರೀಂ ಕೋರ್ಟಿನ ಆದೇಶಗಳಿಂದ ಈ ಪರವಾನಗಿ ಬಹಳ ಬಿಗಿಯಾಗಿದೆ. 2016ರಲ್ಲಿ ಕೇಂದ್ರ ಪರಿಸರ ಸಚಿವಾಲಯವು ಮರ ಆಧಾರಿತ ಕೈಗಾರಿಕೆಗಳಿಗೆ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಿದೆ. ಚಕ್ರದ ಮೇಲೆ ಓಡಾಡುವ ಗರಗಸವಾದರೂ ಅದು ಗರಗಸವೇ. ಆದ್ದರಿಂದ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸದೆ ಯಾರೂ ಮುಂಗಡ ಹಣ ಕೊಡಬಾರದು. ಕೊಟ್ಟಿಗೆಗೆ ಹಾಸಲು ಮರದ ಹೊಟ್ಟು ಸಿಗುತ್ತದೆ ಎಂಬ ಆಸೆಯೂ ಬೇಡ. ಹಸಿ ಹೊಟ್ಟು ತೇವ ಹಿಡಿದರೆ ಕೆಚ್ಚಲು ಬಾವಿನ ರೋಗಾಣುಗಳಿಗೆ ಅದೇ ತವರುಮನೆಯಾಗುತ್ತದೆ.

ಮೇವು ಕತ್ತರಿಸುವ ಯಂತ್ರಕ್ಕೆ ಈ ತೊಡಕು ಇಲ್ಲ. ಗಿರಾಕಿಯ ಅಂಗಳಕ್ಕೆ ಹೋಗಿ ದುಡಿಯುವ ಯಾವ ಯಂತ್ರಕ್ಕಾದರೂ ಲೆಕ್ಕದ ದಾರಿ ಒಂದೇ. ಆ ಲೆಕ್ಕವನ್ನು ಇಲ್ಲಿ ಚಾಫ್ ಕಟರ್ ಇಟ್ಟುಕೊಂಡು ಮಾಡೋಣ.

ಯಾವ ಕೆಲಸಕ್ಕೆ ಸಂಚಾರಿ ಯಂತ್ರ?

ಹಸುವಿಗೆ ದಿನಾ ಬೇಕಾಗುವ ನೇಪಿಯರ್ ಹುಲ್ಲನ್ನು ಮನೆಮನೆಗೆ ಹೋಗಿ ಕತ್ತರಿಸಿಕೊಡುತ್ತೇನೆ ಎಂದು ಲೆಕ್ಕ ಹಾಕಿ ಯಂತ್ರ ಕೊಂಡರೆ ಕೈ ಕಚ್ಚುತ್ತದೆ. ಕತ್ತರಿಸಿದ ಹಸಿ ಹುಲ್ಲನ್ನು ರಾಶಿ ಹಾಕಿದರೆ ಕೆಲವೇ ಗಂಟೆಗಳಲ್ಲಿ ಬಿಸಿಯಾಗುತ್ತದೆ, ಮರುದಿನಕ್ಕೆ ಮುಗ್ಗಲು ವಾಸನೆ ಬರುತ್ತದೆ, ಹಸು ಮೂಸಿ ಬಿಡುತ್ತದೆ. ದಿನದ ಮೇವನ್ನು ದಿನವೇ ಕತ್ತರಿಸಬೇಕು. ಎರಡು ಹಸುವಿನ ಮನೆಗೆ ಅದು ಹತ್ತು ನಿಮಿಷದ ಕೆಲಸ. ಹತ್ತು ನಿಮಿಷದ ಕೆಲಸಕ್ಕೆ ಯಂತ್ರವನ್ನು ಎಳೆದುಕೊಂಡು ಹೋಗಿ ಬಂದರೆ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ. ಇಂತಹ ಕೆಲಸಕ್ಕೆ ಮನೆಯಲ್ಲೇ ಇರುವ ಎರಡು ಎಚ್.ಪಿ. ವಿದ್ಯುತ್ ಯಂತ್ರವೋ, ಅಣ್ಣತಮ್ಮಂದಿರ ಎರಡು ಮೂರು ಮನೆಗಳು ಸೇರಿ ಇಟ್ಟುಕೊಂಡ ಒಂದು ಯಂತ್ರವೋ ಸಾಕು.

ಸಂಚಾರಿ ಯಂತ್ರಕ್ಕೆ ಬೇಕಾಗುವುದು ಒಂದೇ ಅಂಗಳದಲ್ಲಿ ಎರಡು ಮೂರು ಗಂಟೆ ನಿಂತು ಓಡುವ ಕೆಲಸ. ಅಂತಹ ಕೆಲಸ ಎರಡಿವೆ. ಒಂದು, ರಸಮೇವಿನ ಗುಂಡಿ ತುಂಬಿಸುವುದು. ಇನ್ನೊಂದು, ತೆನೆ ಮುರಿದ ಮೇಲೆ ಉಳಿಯುವ ಮುಸುಕಿನ ಜೋಳದ ಒಣ ಕಡ್ಡಿಯನ್ನು ಕತ್ತರಿಸಿ ಚೀಲಕ್ಕೋ ಕೋಣೆಗೋ ತುಂಬಿಸುವುದು. ಮುಂಗಾರಿನ ಜೋಳದಲ್ಲಿ ಕಾಳು ಹಾಲು ತುಂಬಿ ಗಟ್ಟಿಯಾಗುತ್ತಾ ಬರುವ ಆಗಸ್ಟ್-ಸೆಪ್ಟೆಂಬರ್ ತಿಂಗಳು ರಸಮೇವಿನ ಕಾಲ. ಕೊಯ್ಲಿನ ನಂತರದ ತಿಂಗಳುಗಳು ಒಣ ಕಡ್ಡಿಯ ಕಾಲ. ನೀರಾವರಿ ಇದ್ದ ಕಡೆ ಬೇಸಿಗೆಯಲ್ಲಿ ಇನ್ನೊಂದು ಸುತ್ತು ಹಸಿ ಜೋಳ ಸಿಗುತ್ತದೆ. ವರ್ಷದ ಉಳಿದ ದಿನ ಯಂತ್ರ ಚಪ್ಪರದ ಕೆಳಗೆ ನಿಂತಿರುತ್ತದೆ. ಅದು ನಿಂತಿದ್ದರೂ ಬಡ್ಡಿ ಓಡುತ್ತಿರುತ್ತದೆ ಎಂಬುದೇ ಈ ಉದ್ಯೋಗದ ಮೊದಲ ಪಾಠ.

ನಿಂತಾಗಿನ ಖರ್ಚು, ಓಡುವಾಗಿನ ಖರ್ಚು

ಕೆಳಗಿನ ಅಂಕಿಗಳು ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು. ನಿಮ್ಮ ಊರಿನ ಕೂಲಿ, ನಿಮ್ಮ ಬ್ಯಾಂಕಿನ ಬಡ್ಡಿ, ನೀವು ನೋಡಿದ ಯಂತ್ರದ ಬೆಲೆ ಹಾಕಿ ನೀವೇ ಮತ್ತೆ ಮಾಡಿಕೊಳ್ಳಬೇಕು.

ಎರಡು ಚಕ್ರದ ಗಾಡಿಯ ಮೇಲೆ ಕೂರಿಸಿದ, ಹತ್ತು ಎಚ್.ಪಿ. ಡೀಸೆಲ್ ಇಂಜಿನ್ನಿನ ಯಂತ್ರ. ಬೆಲೆ 1,60,000 ರೂ. ಎಂದಿಟ್ಟುಕೊಳ್ಳೋಣ. ಎಂಟು ವರ್ಷ ದುಡಿದ ಮೇಲೆ ಗುಜರಿಗೆ 16,000 ರೂ. ಬರುತ್ತದೆ. ವರ್ಷಕ್ಕೆ ಬೀಳುವ ಸ್ಥಿರ ಖರ್ಚು ಹೀಗೆ:

ಸವಕಳಿ: 18,000 ರೂ.
ಸರಾಸರಿ ಬಂಡವಾಳ 88,000 ರೂ. ಮೇಲೆ ಶೇಕಡಾ 12ರ ಬಡ್ಡಿ: 10,560 ರೂ.
ವಿಮೆ, ನೆರಳು, ಟಾರ್ಪಾಲು ಇತ್ಯಾದಿ: 3,200 ರೂ.
ಒಟ್ಟು: 31,760 ರೂ.

ಯಂತ್ರ ಒಂದು ಗಂಟೆಯೂ ಓಡದಿದ್ದರೂ ಈ 31,760 ರೂ. ಖರ್ಚಾಗಿಯೇ ಆಗುತ್ತದೆ. ಬಡ್ಡಿಗೆ ಸಾಲ ತರದೆ ಸ್ವಂತ ಹಣ ಹಾಕಿದವರೂ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ಆ ಹಣದಲ್ಲಿ ಒಂದು ಒಳ್ಳೆಯ ಹಸು ಬರುತ್ತಿತ್ತಲ್ಲವೇ?

ಈಗ ಓಡುವಾಗಿನ ಖರ್ಚು. ಗಂಟೆಗೆ ಒಂದೂವರೆ ಲೀಟರ್ ಡೀಸೆಲ್, ಲೀಟರಿಗೆ 90 ರೂ. ಎಂದರೆ 135 ರೂ. ಆಯಿಲ್ 10 ರೂ. ಬ್ಲೇಡ್ ಸಾಣೆ, ಬೆಲ್ಟ್, ರಿಪೇರಿಗೆ 35 ರೂ. ಇಲ್ಲಿಯವರೆಗೆ ಎಲ್ಲರೂ ಸರಿಯಾಗಿಯೇ ಬರೆಯುತ್ತಾರೆ. ತಪ್ಪುವುದು ಕೂಲಿಯ ಬಾಬತ್ತಿನಲ್ಲಿ. ಯಂತ್ರ ನಡೆಸುವವನಿಗೆ ದಿನಕ್ಕೆ 800 ರೂ., ಸಹಾಯಕನಿಗೆ 600 ರೂ., ಒಟ್ಟು 1,400 ರೂ. ಇದನ್ನು ಎಂಟು ಗಂಟೆಗೆ ಭಾಗಿಸಿ ಗಂಟೆಗೆ 175 ರೂ. ಎಂದು ಬರೆದುಕೊಂಡರೆ ಲೆಕ್ಕ ಕೆಟ್ಟಿತು. ಏಕೆಂದರೆ ಎಂಟು ಗಂಟೆಯೂ ಬಾಡಿಗೆ ಬರುವುದಿಲ್ಲ. ಊರಿಂದ ಊರಿಗೆ ಹೋಗುವುದು, ಯಂತ್ರವನ್ನು ಸಮತಟ್ಟಾಗಿ ನಿಲ್ಲಿಸುವುದು, ಗದ್ದೆಯಿಂದ ಜೋಳದ ಹೊರೆ ಬರುವವರೆಗೆ ಕಾಯುವುದು, ಬ್ಲೇಡ್ ಬಿಗಿ ಮಾಡುವುದು, ಇವಕ್ಕೆಲ್ಲ ಮೂರು ಗಂಟೆ ಹೋದರೆ ಉಳಿಯುವುದು ಐದೇ ಗಂಟೆ. 1,400 ರೂ.ಗಳನ್ನು ಐದರಿಂದ ಭಾಗಿಸಬೇಕು. ಆಗ ಗಂಟೆಗೆ 280 ರೂ. ಬೀಳುತ್ತದೆ. ಓಡಾಟದ ಇಂಧನ ದಿನಕ್ಕೆ 100 ರೂ. ಎಂದರೆ ಗಂಟೆಗೆ 20 ರೂ. ಎಲ್ಲ ಸೇರಿ ಗಂಟೆಗೆ 480 ರೂ.

ಗಂಟೆಗೆ 600 ರೂ. ಬಾಡಿಗೆ ಪಡೆದರೆ ಸ್ಥಿರ ಖರ್ಚಿಗೆ ಉಳಿಯುವುದು 120 ರೂ. 31,760ನ್ನು 120ರಿಂದ ಭಾಗಿಸಿ. ವರ್ಷಕ್ಕೆ 265 ಗಂಟೆ ಓಡಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. 200 ಗಂಟೆ ಓಡಿದರೆ 7,760 ರೂ. ನಷ್ಟ. 400 ಗಂಟೆ ಓಡಿದರೆ 16,240 ರೂ. ಲಾಭ. 400 ಗಂಟೆ ಎಂದರೆ ದಿನಕ್ಕೆ ಐದು ಗಂಟೆಯಂತೆ 80 ದಿನ. ಯಂತ್ರ ನಡೆಸುವವರು ನೀವೇ ಆದರೆ 64,000 ರೂ. ಕೂಲಿಯೂ ನಿಮ್ಮದೇ. ಹಸು ಸಾಕುವುದರ ಜೊತೆಗೆ ಮಾಡುವ ಉಪಕಸುಬಿಗೆ ಇದು ಕಡಿಮೆಯೇನಲ್ಲ. ಆದರೆ ಇದೊಂದನ್ನೇ ನೆಚ್ಚಿ ಸಂಸಾರ ನಡೆಸುತ್ತೇನೆ ಎನ್ನುವವರಿಗೆ ಇದು ಸಾಲದು.

ಯಂತ್ರ ಮಾರುವವರು ತೋರಿಸುವ ಲೆಕ್ಕದಲ್ಲಿ ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ ಮುನ್ನೂರು ದಿನ ಎಂದು ಬರೆದಿದ್ದರೆ ಆ ಕಾಗದವನ್ನು ಮಡಿಸಿ ವಾಪಸ್ಸು ಕೊಡಿ. 2,400 ಗಂಟೆ ಕತ್ತರಿಸುವಷ್ಟು ಮೇವು ಒಬ್ಬ ಬಾಡಿಗೆದಾರನ ಓಡಾಟದ ವ್ಯಾಪ್ತಿಯಲ್ಲಿ ಎಲ್ಲಿದೆ?

ಬಾಡಿಗೆ ಏರಿಸುವ ಮೊದಲು ಗಂಟೆ ಏರಿಸಿ

ಐದು ಗಂಟೆಯ ಬದಲು ದಿನಕ್ಕೆ ಆರು ಗಂಟೆ ಓಡಿತು ಎಂದಿಟ್ಟುಕೊಳ್ಳಿ. ಬಾಡಿಗೆ ಅದೇ 600. ಕೂಲಿ ಗಂಟೆಗೆ 280ರಿಂದ 233ಕ್ಕೆ ಇಳಿಯುತ್ತದೆ, ಓಡಾಟದ ಇಂಧನ 17ಕ್ಕೆ. ಒಟ್ಟು ಖರ್ಚು 430 ರೂ. ಗಂಟೆಗೆ ಉಳಿಯುವುದು 170 ರೂ. ನಷ್ಟವಿಲ್ಲದ ಗೆರೆ 265 ಗಂಟೆಯಿಂದ 187 ಗಂಟೆಗೆ ಇಳಿಯಿತು! ಗಿರಾಕಿಯ ಮೇಲೆ ಒಂದು ರೂಪಾಯಿ ಹೊರೆ ಬೀಳಲಿಲ್ಲ.

ಆ ಒಂದು ಗಂಟೆ ಎಲ್ಲಿಂದ ಬರುತ್ತದೆ? ದಾರಿಯಿಂದ ಮತ್ತು ಕಾಯುವುದರಿಂದ. ಇವತ್ತು ಪೂರ್ವದ ಊರು, ನಾಳೆ ಪಶ್ಚಿಮದ ಊರು, ನಾಡಿದ್ದು ಮತ್ತೆ ಪೂರ್ವದ ಊರು ಎಂದು ಕರೆದ ಕರೆಗೆಲ್ಲ ಓಡುವವರಿಗೆ ಈ ಗಂಟೆ ಸಿಗುವುದಿಲ್ಲ. ನಮ್ಮ ಹಾಲಿನ ಗಾಡಿಯನ್ನು ನೋಡಿ. ಅದು ಮಾರ್ಗ ಬಿಟ್ಟು ಯಾರ ಮನೆಗೂ ಹೋಗುವುದಿಲ್ಲ. ಯಂತ್ರವೂ ಹಾಗೆಯೇ ಒಂದು ಸಂಘದ ಊರಿನ ಕೆಲಸ ಪೂರ್ತಿ ಮುಗಿಸಿ ಅದೇ ಮಾರ್ಗದ ಮುಂದಿನ ಊರಿಗೆ ಹೋಗಬೇಕು. ಸಂಘದ ಕಾರ್ಯದರ್ಶಿಗಳನ್ನು ಕಂಡು, ಹಾಲು ಹಾಕಲು ಬರುವ ಹೊತ್ತಿನಲ್ಲಿ ಉತ್ಪಾದಕರ ಬಳಿ ಮಾತನಾಡಿ, ಯಾರ ಜೋಳ ಯಾವ ವಾರ ಕೊಯ್ಲಿಗೆ ಬರುತ್ತದೆ ಎಂದು ಬರೆದುಕೊಳ್ಳಿ. ಬಿತ್ತಿದ ದಿನಾಂಕ ಗೊತ್ತಿದ್ದರೆ ಕೊಯ್ಯುವ ವಾರ ತಾನೇ ಗೊತ್ತಾಗುತ್ತದೆ. ಹತ್ತು ಮನೆಯವರು ಒಂದೇ ದಿನ ಬಿತ್ತಿದರೆ ಹತ್ತೂ ಮನೆಗೆ ಒಂದೇ ದಿನ ಯಂತ್ರ ಬೇಕಾಗುತ್ತದೆ. ಆದ್ದರಿಂದ ನಾಲ್ಕೈದು ದಿನ ಅಂತರ ಬಿಟ್ಟು ಬಿತ್ತಲು ಮೊದಲೇ ಹೇಳಿ ಒಪ್ಪಿಸಿಕೊಳ್ಳುವುದು ಜಾಣತನ.

ಕಾಯುವುದನ್ನು ತಪ್ಪಿಸಲು ಒಂದು ಷರತ್ತು ಹಾಕಿ. ಯಂತ್ರ ಬರುವ ಹೊತ್ತಿಗೆ ಕನಿಷ್ಠ ಅರ್ಧ ಜೋಳ ಕೊಯ್ದು ಅಂಗಳದಲ್ಲಿರಬೇಕು, ಗುಂಡಿ ತೋಡಿ ಒಣಗಿಸಿರಬೇಕು, ಪ್ಲಾಸ್ಟಿಕ್ ಹಾಳೆ ತಂದಿರಬೇಕು, ನಾಲ್ಕು ಜನ ಆಳು ಇರಬೇಕು. ಕೂಲಿ ದುಬಾರಿಯಾದ ಕಡೆ ಮುಯ್ಯಾಳಿನ ಪದ್ಧತಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಇವತ್ತು ನಿಮ್ಮ ಗುಂಡಿಗೆ ಅವರು, ನಾಳೆ ಅವರ ಗುಂಡಿಗೆ ನೀವು.

ಗಿರಾಕಿಗೆ ಗಿಟ್ಟದಿದ್ದರೆ ನಿಮಗೂ ಗಿಟ್ಟದು

ಮೊದಲ ವರ್ಷ ಮುಲಾಜಿಗೆ ಕರೆದವರು ಎರಡನೆಯ ವರ್ಷ ಕರೆಯುವುದು ಅವರಿಗೆ ಲಾಭ ಕಂಡರೆ ಮಾತ್ರ. ಆದ್ದರಿಂದ ಗಿರಾಕಿಯ ಲೆಕ್ಕವೂ ನಿಮ್ಮ ನಾಲಿಗೆಯ ತುದಿಯಲ್ಲಿರಬೇಕು.

ಎರಡು ಹಸುವಿನ ಮನೆ. ಬೇಸಿಗೆಯ ನಾಲ್ಕು ತಿಂಗಳು ಹಸುವೊಂದಕ್ಕೆ ದಿನಕ್ಕೆ 15 ಕಿ.ಗ್ರಾಂ. ರಸಮೇವು ಕೊಡಬೇಕೆಂದರೆ 120 ದಿನಕ್ಕೆ 3,600 ಕಿ.ಗ್ರಾಂ. ಬೇಕು. ಚೆನ್ನಾಗಿ ತುಳಿದ ರಸಮೇವು ಒಂದು ಘನ ಅಡಿಗೆ ಸುಮಾರು 15 ಕಿ.ಗ್ರಾಂ. ಹಿಡಿಯುತ್ತದೆ. ಹತ್ತು ಅಡಿ ಉದ್ದ, ಐದು ಅಡಿ ಅಗಲ, ಐದು ಅಡಿ ಆಳದ ಗುಂಡಿಯಲ್ಲಿ 250 ಘನ ಅಡಿ, ಅಂದರೆ 3,750 ಕಿ.ಗ್ರಾಂ. ಬದಿಯಲ್ಲಿ, ಮೇಲ್ಭಾಗದಲ್ಲಿ ಒಂದಿಷ್ಟು ಹಾಳಾಗುವುದನ್ನು ಸೇರಿಸಿ 4 ಟನ್ ಹಸಿ ಜೋಳ ಕತ್ತರಿಸಬೇಕು. ಎಕರೆಗೆ 12 ಟನ್ ಹಸಿ ಮೇವು ಬಂದರೆ ಹದಿಮೂರು ಹದಿನಾಲ್ಕು ಗುಂಟೆ ಜಾಗ ಸಾಕು.

ಯಂತ್ರ ಗಂಟೆಗೆ ಒಂದೂವರೆ ಟನ್ ಹಸಿ ಜೋಳ ಕತ್ತರಿಸಿದರೆ ಈ ಗುಂಡಿಗೆ ಎರಡು ಗಂಟೆ ನಲವತ್ತು ನಿಮಿಷ, 1,600 ರೂ. ಎರಡು ಹಸು, 120 ದಿನಕ್ಕೆ ಹಂಚಿದರೆ ಹಸುವೊಂದಕ್ಕೆ ದಿನಕ್ಕೆ ಆರೂಮುಕ್ಕಾಲು ರೂಪಾಯಿಗೂ ಕಡಿಮೆ. ಜೋಳ ಬೆಳೆದ ಖರ್ಚು, ಹಾಳೆ, ಆಳು ಬೇರೆ. ಮಾರ್ಚ್-ಏಪ್ರಿಲ್‌ನಲ್ಲಿ ಹಸಿರು ಕಾಣದೆ ಹಾಲು ಇಳಿದು, ಆ ಇಳಿತ ತಡೆಯಲು ಪಶು ಆಹಾರವನ್ನೇ ಸುರಿಯುವ ಮನೆಗಳಿಗೆ ಈ ಖರ್ಚು ಹೊರೆಯಲ್ಲ.

ಒಣ ಹುಲ್ಲಿನ ಲೆಕ್ಕ ಬೇರೆ. ಇಲ್ಲಿ ನಾನು ಯಂತ್ರದವರ ಪರ ಮಾತನಾಡಲಾರೆ. ಒಂದು ಟನ್ ರಾಗಿ ಹುಲ್ಲಿಗೆ 8,000 ರೂ. ಎಂದಿಟ್ಟುಕೊಳ್ಳಿ. ಕತ್ತರಿಸಿ ಹಾಕುವುದರಿಂದ ಕಾಲಡಿಗೆ ಬಿದ್ದು ಹಾಳಾಗುವುದರಲ್ಲಿ ಶೇಕಡಾ 15 ಉಳಿದರೆ 1,200 ರೂ. ಉಳಿತಾಯ. ಒಣ ಹುಲ್ಲು ಹಗುರ, ಯಂತ್ರ ಗಂಟೆಗೆ 400 ಕಿ.ಗ್ರಾಂ. ಕತ್ತರಿಸಿದರೆ ಟನ್ನಿಗೆ ಎರಡೂವರೆ ಗಂಟೆ, ಬಾಡಿಗೆ 1,500 ರೂ. ಗಿರಾಕಿಗೆ 300 ರೂ. ಕೈಬಿಟ್ಟಿತು. ಬರಗಾಲದಲ್ಲಿ ಅದೇ ಹುಲ್ಲು 12,000 ರೂ. ಆದರೆ ಉಳಿತಾಯ 1,800 ರೂ., ಆಗ ಗಿಟ್ಟುತ್ತದೆ. ಜೋಳದ ಒಣ ಕಡ್ಡಿಯ ಮಾತು ಹಾಗಲ್ಲ. ಕತ್ತರಿಸದಿದ್ದರೆ ಹಸು ಎಲೆ ತಿಂದು ಗಟ್ಟಿ ಕಡ್ಡಿಯನ್ನೆಲ್ಲ ಬಿಡುತ್ತದೆ, ಅದು ತಿಪ್ಪೆಗೋ ಒಲೆಗೋ ಹೋಗುತ್ತದೆ. ಕತ್ತರಿಸಿದರೆ ಬಹುಪಾಲು ಹೊಟ್ಟೆಗೆ ಹೋಗುತ್ತದೆ. ರಾಗಿ ಹುಲ್ಲಿನ ಮೆದೆ ತೋರಿಸಿ ಕರೆದವರಿಗೆ ಈ ಲೆಕ್ಕವನ್ನು ನೀವೇ ಹೇಳಿಬಿಡಿ. ಇವತ್ತು ಒಂದು ಬಾಡಿಗೆ ಹೋದರೂ ಮುಂದಿನ ಮುಂಗಾರಿಗೆ ಅವರ ರಸಮೇವಿನ ಕೆಲಸ ನಿಮ್ಮದಾಗುತ್ತದೆ.

ಈಗ ಗುಂಡಿಗಳನ್ನು ಎಣಿಸೋಣ. ಒಂದು ಗುಂಡಿಗೆ ಎರಡು ಗಂಟೆ ನಲವತ್ತು ನಿಮಿಷದಂತೆ 265 ಗಂಟೆಗೆ ಹತ್ತಿರ ಹತ್ತಿರ ನೂರು ಗುಂಡಿ ಬೇಕು. 187 ಗಂಟೆಗೆ ಎಪ್ಪತ್ತು. ಮಳೆ ಬಿಡುವು ಕೊಟ್ಟ ಮೂವತ್ತು ದಿನದಲ್ಲಿ ದಿನಕ್ಕೆ ಎರಡು ಗುಂಡಿಯಂತೆ ಅರವತ್ತು ಆಗಬಹುದು. ಉಳಿದದ್ದು ಒಣ ಕಡ್ಡಿಯಿಂದ, ಬೇಸಿಗೆ ಜೋಳದಿಂದ ಬರಬೇಕು. ಆದ್ದರಿಂದ ಯಂತ್ರದ ಅಂಗಡಿಗೆ ಹೋಗುವ ಮೊದಲು ಒಂದು ನೋಟ್ ಪುಸ್ತಕ ತೆಗೆದುಕೊಂಡು ಸುತ್ತಿನ ಐದಾರು ಸಂಘಗಳಿಗೆ ಹೋಗಿ. ಗುಂಡಿ ತೋಡಲು ಒಪ್ಪಿ ನೂರು ರೂಪಾಯಿಯಾದರೂ ಮುಂಗಡ ಕೊಟ್ಟ ಮನೆಗಳು ಅರವತ್ತು ಆದವೇ? ಆದರೆ ಯಂತ್ರ ಕೊಳ್ಳಿ. ಇಪ್ಪತ್ತಕ್ಕೇ ನಿಂತರೆ ಈ ವರ್ಷ ಬೇಡ. ಮೊದಲ ಹಂಗಾಮಿಗೆ ಬೇರೆಯವರ ಯಂತ್ರವನ್ನು ಬಾಡಿಗೆಗೆ ತಂದು ಹತ್ತು ಗುಂಡಿ ತುಂಬಿಸಿ ತೋರಿಸಿ. 2014-15ರಲ್ಲಿ ರಾಜ್ಯದಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ. ನಿಮ್ಮ ಹೋಬಳಿಯ ಕೇಂದ್ರದಲ್ಲಿ ಮೇವಿನ ಯಂತ್ರ ಇದೆಯೇ, ಬಾಡಿಗೆ ದರ ಎಷ್ಟು ಎಂದು ಮೊದಲೇ ತಿಳಿದಿರುವುದು ಒಳ್ಳೆಯದು. ಅವರಿಗಿಂತ ಹೆಚ್ಚಿನ ದರ ಕೇಳುವಿರಾದರೆ ಹೇಳಿದ ದಿನ, ಹೇಳಿದ ಹೊತ್ತಿಗೆ ಹೋಗುವವರು ನೀವಾಗಿರಬೇಕು.

ಸಹಾಯಧನದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. 2021ರಲ್ಲಿ ಪುನರ್ರಚನೆಯಾದ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ರಸಮೇವು ಘಟಕಗಳಿಗೆ ಬಂಡವಾಳದ ಶೇಕಡಾ 50ರಷ್ಟು ಸಹಾಯಧನದ ಅವಕಾಶ ಇಡಲಾಗಿದೆ. ಅದು ದೊಡ್ಡ ಘಟಕಗಳಿಗೆ ಹೊಂದುವ ಯೋಜನೆ. ಸಣ್ಣ ಯಂತ್ರಗಳಿಗೆ ಕೃಷಿ ಇಲಾಖೆ, ಪಶುಪಾಲನಾ ಇಲಾಖೆಗಳಲ್ಲಿ ಆಯಾ ವರ್ಷದ ಅನುದಾನದಂತೆ ಸಹಾಯಧನ ಇರುತ್ತದೆ. ಅರ್ಜಿ ಹಾಕಿ, ಬಿಡಬೇಡಿ. ಆದರೆ ಹಣ ಖಾತೆಗೆ ಬರುವ ತನಕ ಅದನ್ನು ಲೆಕ್ಕಕ್ಕೆ ಸೇರಿಸಬೇಡಿ.

ಬಾಡಿಗೆ ವಸೂಲಿ ಇನ್ನೊಂದು ತಲೆನೋವು. "ಬಟವಾಡೆ ಆದ ಮೇಲೆ ಕೊಡ್ತೀನಿ ಕಣಪ್ಪ" ಎನ್ನುವವರು ನೆಂಟರೇ ಆಗಿರುತ್ತಾರೆ. ರಸಮೇವಿಗೆ ಗಂಟೆಯ ಬದಲು ಗುಂಡಿಗೆ ಇಷ್ಟು ಎಂದು ಮೊದಲೇ ಮಾತಾಡಿಕೊಂಡರೆ ಜಗಳ ಕಡಿಮೆ. ಅರ್ಧ ಹಣ ಯಂತ್ರ ಅಂಗಳಕ್ಕೆ ಬಂದಾಗ, ಉಳಿದರ್ಧ ಹಾಳೆ ಮುಚ್ಚಿದಾಗ. ಉದ್ರಿ ಬಿಟ್ಟದ್ದನ್ನು ಅದೇ ದಿನ ಪುಸ್ತಕದಲ್ಲಿ ಅವರ ಎದುರಿಗೇ ಬರೆಯಿರಿ.

ಗುಂಡಿ ತುಂಬುವ ದಿನ

ಯಂತ್ರದವರಿಗೆ ರಸಮೇವಿನ ಜ್ಞಾನ ಇಲ್ಲದಿದ್ದರೆ ಹೆಸರು ಕೆಡುತ್ತದೆ. ಮೇವು ಕೊಳೆತರೆ ಜನ ಗುಂಡಿಯನ್ನು ಬೈಯುವುದಿಲ್ಲ, ಯಂತ್ರದವನನ್ನು ಬೈಯುತ್ತಾರೆ.

ಜೋಳದ ಕಾಳನ್ನು ಉಗುರಿನಿಂದ ಚಿವುಟಿದಾಗ ಹಾಲು ಗಟ್ಟಿಯಾಗುತ್ತಾ ಹಿಟ್ಟಿನಂತೆ ಆಗುತ್ತಿರಬೇಕು. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ ಕೈ ಬಿಡಿಸಿ ನೋಡಿ. ನೀರು ತೊಟ್ಟಿಕ್ಕಿದರೆ ತೇವ ಹೆಚ್ಚು, ಅರ್ಧ ದಿನ ಬಾಡಿಸಬೇಕು. ಉಂಡೆ ಕೂಡಲೇ ಪುಡಿಯಾಗಿ ಉದುರಿದರೆ ಒಣಗಿ ಹೋಗಿದೆ. ಉಂಡೆ ನಿಧಾನವಾಗಿ ಬಿಚ್ಚಿಕೊಂಡರೆ ಹದ ಸರಿ, ಶೇಕಡಾ 65ರಿಂದ 70ರ ತೇವ ಇದೆ ಎಂದರ್ಥ. ನೇಪಿಯರ್ ಹುಲ್ಲಿನಲ್ಲಿ ನೀರು ಹೆಚ್ಚು, ಸಿಹಿ ಕಡಿಮೆ. ಅದನ್ನು ಬಾಡಿಸಿ, ನೂರು ಕಿ.ಗ್ರಾಂ.ಗೆ ಒಂದೆರಡು ಕಿ.ಗ್ರಾಂ. ಬೆಲ್ಲ ಕರಗಿಸಿ ಚಿಮುಕಿಸಬೇಕು. ಹದದಲ್ಲಿ ಕೊಯ್ದ ಮುಸುಕಿನ ಜೋಳಕ್ಕೆ ಬೆಲ್ಲ ಬೇಕಿಲ್ಲ.

ತುಂಡು ಒಂದು ಅಂಗುಲದ ಒಳಗಿರಲಿ. ಆದರೆ ಹಿಟ್ಟಿನಂತೆ ನುಣ್ಣಗೆ ಕತ್ತರಿಸಬೇಡಿ. ತೀರಾ ನುಣ್ಣನೆಯ ಮೇವು ತಿಂದ ಹಸು ಮೆಲುಕು ಹಾಕುವುದು ಕಡಿಮೆ ಮಾಡುತ್ತದೆ, ಹಾಲಿನ ಫ್ಯಾಟ್ ಇಳಿಯುತ್ತದೆ, ಫ್ಯಾಟ್ ಇಳಿದರೆ ಬಟವಾಡೆಯೂ ಇಳಿಯುತ್ತದೆ. ಅರ್ಧ ಅಡಿ ದಪ್ಪ ಹರಡಿ, ಮೂಲೆಗಳನ್ನು ಬಿಡದೆ ತುಳಿದು ಗಾಳಿ ಹೊರಡಿಸಿ, ಮತ್ತೆ ಅರ್ಧ ಅಡಿ. ಅದೇ ದಿನ ತುಂಬಿ ಅದೇ ದಿನ ಮುಚ್ಚಬೇಕು. ಆದ್ದರಿಂದಲೇ ಯಂತ್ರ ನಡುವೆ ಕೆಟ್ಟು ನಿಲ್ಲುವ ಹಾಗಿಲ್ಲ. ಒಂದು ಜೊತೆ ಸಾಣೆ ಹಿಡಿದ ಬ್ಲೇಡ್, ಒಂದು ಬೆಲ್ಟ್, ಬೋಲ್ಟು-ನಟ್ಟು, ಸ್ಪ್ಯಾನರ್ ಯಾವಾಗಲೂ ಗಾಡಿಯಲ್ಲಿರಲಿ. ಮುಚ್ಚಿದ 45 ದಿನಗಳ ನಂತರ ಗುಂಡಿ ತೆಗೆಯಬಹುದು. ಬೂಷ್ಟು ಹಿಡಿದ ಭಾಗವನ್ನು, ಅದರಲ್ಲೂ ಗಬ್ಬದ ಹಸುವಿಗೆ, ಕೊಡಲೇಬಾರದು. ಹಾಲು ಕರೆದ ಮೇಲೆ ರಸಮೇವು ಹಾಕಿದರೆ ಹಾಲಿಗೆ ವಾಸನೆ ಬರುವುದಿಲ್ಲ.

ಕೈ, ತಂತಿ ಮತ್ತು ಕಾಲುಬಾಯಿ ಜ್ವರ

ಈ ಯಂತ್ರ ಬೆರಳು, ಕೈ ಕಳೆದಿದೆ. ಕೊಳ್ಳುವಾಗ ಮೇವು ಹಾಕುವ ತಗಡಿನ ದೋಣಿ ಮೂರು ಅಡಿಯಷ್ಟು ಉದ್ದವಿದೆಯೇ, ರೋಲರಿನ ಕಡೆಯ ಅರ್ಧ ಭಾಗ ಮೇಲಿನಿಂದ ಮುಚ್ಚಿದೆಯೇ ನೋಡಿ. ಪೂರ್ತಿ ತೋಳು ಚಾಚಿದರೂ ಕೈ ರೋಲರಿಗೆ ಮುಟ್ಟಬಾರದು. ಮೇವು ಸಿಕ್ಕಿಕೊಂಡಾಗ ರೋಲರನ್ನು ಹಿಂದಕ್ಕೆ ತಿರುಗಿಸುವ ಹಿಡಿಕೆ ಇರಲೇಬೇಕು. ಅದಿಲ್ಲದ ಯಂತ್ರ ಹತ್ತು ಸಾವಿರ ಕಡಿಮೆಗೆ ಸಿಕ್ಕರೂ ಬೇಡ. ಇಂಜಿನ್ ನಿಲ್ಲಿಸಿದ ಮೇಲೂ ಭಾರದ ಚಕ್ರ ತಿರುಗುತ್ತಲೇ ಇರುತ್ತದೆ. ಅದು ಪೂರ್ತಿ ನಿಲ್ಲುವವರೆಗೆ ಮುಚ್ಚಳ ತೆಗೆಯಬೇಡಿ. ಮೇವು ಒಡ್ಡುವುದು ನಿಮ್ಮ ಕೆಲಸ, ಗಿರಾಕಿಯ ಮನೆಯವರದ್ದಲ್ಲ. ಅವರು ಹೊರೆ ತಂದು ಹಾಕಲಿ, ಅಷ್ಟೇ. ಬಳೆ, ಸೆರಗು, ಸಡಿಲ ತೋಳಿನ ಅಂಗಿ, ಟವೆಲ್ಲು, ಮಕ್ಕಳು, ಕುಡಿದವರು ಯಂತ್ರದ ಹತ್ತಿರ ಬರಕೂಡದು. ಸಂಜೆ ಕತ್ತಲಾದ ಮೇಲೆ "ಇನ್ನೊಂದೇ ಹೊರೆ" ಎಂದು ಬೇಡಿಕೊಂಡರೂ ಒಪ್ಪಬೇಡಿ. ಹಾಗೂ ಬೆರಳು ತುಂಡಾದರೆ, ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿ ಕಟ್ಟಿ ಕೈ ಮೇಲೆತ್ತಿ ಹಿಡಿಸಿ. ತುಂಡಾದ ಬೆರಳನ್ನು ಶುದ್ಧ ನೀರಿನಲ್ಲಿ ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ತಕ್ಷಣ ಆಸ್ಪತ್ರೆಗೆ ಹೊರಡಿ. ಬೆರಳು ನೇರವಾಗಿ ಮಂಜುಗಡ್ಡೆಗೆ ತಾಗಬಾರದು.

ಹಸುವಿಗೆ ಆಗುವ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಹೊರೆ ಕಟ್ಟಿದ ತಂತಿ, ಬೇಲಿಯ ತಂತಿಯ ಚೂರು ಯಂತ್ರಕ್ಕೆ ಹೋದರೆ ಅದು ಒಂದೊಂದು ಅಂಗುಲದ ಸೂಜಿಗಳಾಗಿ ಮೇವಿನಲ್ಲಿ ಬೆರೆಯುತ್ತದೆ. ಹಸು ಮೇವನ್ನು ಆರಿಸಿ ತಿನ್ನುವ ಪ್ರಾಣಿಯಲ್ಲ, ನಾಲಿಗೆಯಲ್ಲಿ ಸುತ್ತಿ ನುಂಗುತ್ತದೆ. ಸೂಜಿ ಎರಡನೆಯ ಹೊಟ್ಟೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಹೃದಯ ಬಹಳ ದೂರವಿಲ್ಲ. ಮೇವು ಬಿಟ್ಟು, ಬೆನ್ನು ಬಿಲ್ಲಿನಂತೆ ಮಾಡಿಕೊಂಡು, ಎದೆಯ ಕೆಳಗೆ ಊತ ಬಂದು ನಿಂತ ಹಸುವನ್ನು ಉಳಿಸುವುದು ಬಹಳ ಕಷ್ಟ. ಆದ್ದರಿಂದ ಹೊರೆಗೆ ತಂತಿ ಬೇಡ, ಬಾಳೆ ನಾರೋ ಹುಲ್ಲಿನ ಹುರಿಯೋ ಇರಲಿ. ಮೇವು ಹೊರಬೀಳುವ ಬಾಯಿಯ ಹತ್ತಿರ ಒಂದು ಬಲವಾದ ಅಯಸ್ಕಾಂತ ಕಟ್ಟಿ. ಬ್ಲೇಡಿನ ಮೂಲೆ ಮುರಿದದ್ದು ಕಂಡರೆ ಆ ಚೂರು ಸಿಗುವವರೆಗೆ ಅಂದಿನ ರಾಶಿಯನ್ನು ಗುಂಡಿಗೆ ಹಾಕಬೇಡಿ.

ಕೊನೆಯದಾಗಿ, ಊರೂರು ತಿರುಗುವ ಯಂತ್ರ ರೋಗವನ್ನೂ ಊರೂರಿಗೆ ಕೊಂಡೊಯ್ಯಬಲ್ಲದು. ಕಾಲುಬಾಯಿ ಜ್ವರದ ಸೋಂಕು ಗಾಡಿಯ ಚಕ್ರದಲ್ಲಿ, ಟಾರ್ಪಾಲಿನಲ್ಲಿ, ಚಪ್ಪಲಿಯಲ್ಲಿ ಅಂಟಿಕೊಂಡು ಬರುತ್ತದೆ. ಜ್ವರ ಕಾಣಿಸಿಕೊಂಡ ಊರಿಗೆ ಪಶು ವೈದ್ಯರು ಸರಿ ಎನ್ನುವವರೆಗೆ ಹೋಗಬೇಡಿ. ಬಾಡಿಗೆ ಕಳೆದುಕೊಂಡರೂ ಚಿಂತೆಯಿಲ್ಲ. ಉಳಿದ ದಿನಗಳಲ್ಲಿಯೂ ಯಂತ್ರವನ್ನು ಕೊಟ್ಟಿಗೆಯ ಬಾಗಿಲಿಗೆ ತರದೆ ಅಂಗಳದ ಅಂಚಿನಲ್ಲೇ ನಿಲ್ಲಿಸಿ. ಕೆಲಸ ಮುಗಿದ ಮೇಲೆ ಅಂಟಿದ ಮೇವು, ಸಗಣಿ, ಮಣ್ಣು ಕೆರೆದು ತೊಳೆದು, ಹತ್ತು ಲೀಟರ್ ನೀರಿಗೆ 400 ಗ್ರಾಂ ಬಟ್ಟೆ ಸೋಡಾ ಕರಗಿಸಿ ಚಕ್ರಕ್ಕೂ ಚಪ್ಪಲಿಗೂ ಸುರಿಯಿರಿ. ಬಟ್ಟೆ ಸೋಡಾ ಎಂದರೆ ಅಂಗಡಿಯಲ್ಲಿ ಸಿಗುವ ವಾಷಿಂಗ್ ಸೋಡಾ, ಅಡುಗೆ ಸೋಡಾ ಅಲ್ಲ. ಅದು ಹತ್ತು ನಿಮಿಷ ನೆನೆಯಲಿ, ನಂತರ ಬರಿ ನೀರಿನಲ್ಲಿ ತೊಳೆದು ಮುಂದಿನ ಮನೆಗೆ ಹೊರಡಿ.